ಸುರಗಿಯ ನೀರಿಗೆ ಹೆದರದ ಕ್ಯಾಮೆರಾ

ನಮ್ಮ ಸಣ್ಣವ್ವನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಹೇಳುವುದನ್ನೆಲ್ಲ ಕೇಳಿದ ಮೇಲೆ ನೀವು ನನ್ನ ಮಾತು ನಂಬಲಿಕ್ಕಿಲ್ಲ. ಅಫಜಲಪುರದಲ್ಲಿ ಅರ್ಧ ಊರು ಈಗಾಗಲೇ ನಂಬುತ್ತಿಲ್ಲ. ಕ್ಯಾಮೆರಾ ಬೇಕೆಂದರೆ ಜನ ಅಂಗಡಿಗೆ ಹೋಗುತ್ತಾರೆ, ಗುಂಡಿ ಒತ್ತಿ ನೋಡುತ್ತಾರೆ, ಬೆಲೆ ಕೇಳಿ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಾರೆ. ಸಣ್ಣವ್ವ ಎರಡು ಕ್ಯಾಮೆರಾ ಮನೆಗೇ ತರಿಸಿಕೊಂಡಳು. ಅವನ್ನು ಭಾವಿಗೆ ಇಳಿಸಿದಳು, ಹಿಟ್ಟಿನ ಧೂಳಿನಲ್ಲಿ ತೂಗುಹಾಕಿದಳು, ಜೋಳದ ಚೀಲದ ಕೆಳಗೆ ಹಾಕಿದಳು. ಇಷ್ಟೆಲ್ಲ ಪರೀಕ್ಷೆ ಮಾಡಿ, ಕೊನೆಗೆ ಫೇಲಾದದ್ದನ್ನೇ ಇಟ್ಟುಕೊಂಡಳು. ಇಂಥಾಕೆಗೆ ಏನನ್ನಬೇಕು ಹೇಳಿ?

ಸಣ್ಣವ್ವ ಅಂದರೆ ನಮ್ಮ ಅವ್ವನ ತಂಗಿ. ಅಫಜಲಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಆಕೆಯ ಗಂಡ, ಅಂದರೆ ನಮ್ಮ ಕಾಕಾ, ತೀರಿಕೊಂಡಾಗ ಹಿರಿಯರೆಲ್ಲ ಕೂಡಿ, ಹೆಣ್ಣುಮಗಳಿಗೆ ಗಿರಣಿ ಯಾಕೆ, ಮಾರಿಬಿಡು ಅಂತ ಬುದ್ಧಿ ಹೇಳಿದರು. "ಆತ್ರಿ, ವಿಚಾರ ಮಾಡ್ತೇನಿ" ಅಂದಳು. ಮರುದಿನ ಬೆಳಗಾದರೆ ಸೆರಗು ಸಿಕ್ಕಿಸಿ, ಬೆಲ್ಟು ಏರಿಸಿ, ತಾನೇ ಮೋಟರು ಚಾಲೂ ಮಾಡಿದಳು. ಇಬ್ಬರು ಹೆಣ್ಣುಮಕ್ಕಳನ್ನು ಅದೇ ಗಿರಣಿಯ ಮೇಲೆ ಓದಿಸಿದಳು. ಹಿರಿಯರಲ್ಲಿ ಕೆಲವರು ಈಗ ಇಲ್ಲ, ಉಳಿದವರು ಅಲ್ಲೇ ಜೋಳ ಬೀಸಿಸಿಕೊಂಡು ಹೋಗುತ್ತಾರೆ. ಸಣ್ಣವ್ವ ಮಾತ್ರ ಇನ್ನೂ ವಿಚಾರ ಮಾಡುತ್ತಲೇ ಇದ್ದಾಳೆ.

ಇನ್ನು ಈ ಕ್ಯಾಮೆರಾದ ಕಥೆ. ನಮ್ಮ ಕಡೆ ಮದುವೆಯಲ್ಲಿ ಸುರಗಿ ಅಂತ ಒಂದು ಶಾಸ್ತ್ರ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ, ನಡುವೆ ಮಣೆ ಹಾಕಿ ಮದುಮಗಳನ್ನು ಕೂಡಿಸುತ್ತಾರೆ. ಮಗ್ಗುಲಲ್ಲಿ ಆಕೆಯ ತಾಯಿ. ಮುತ್ತೈದೆಯರು ಸುತ್ತ ನಿಂತು ಅರಿಷಿಣದ ನೀರು ಹಾಕುತ್ತಾರೆ. ಮೊದಲ ಒಂದೆರಡು ತಂಬಿಗೆ ಶಾಸ್ತ್ರಕ್ಕೆ, ಆಮೇಲಿನದು ಪೂರಾ ಗದ್ದಲ. ಬೀಗರು, ನೆಂಟರು, ಹಾದಿಯಲ್ಲಿ ಹೋಗುವವರು, ಯಾರೂ ಒಣ ಬಟ್ಟೆಯಲ್ಲಿ ಉಳಿಯುವುದಿಲ್ಲ. ಉಳಿಯುವವರು ಒಬ್ಬರೇ, ಗಂಡ ತೀರಿಕೊಂಡಾಕೆ. ಆಕೆ ನೂಲಿನೊಳಗೆ ಬರುವಂತಿಲ್ಲ, ಆಕೆಯ ಮೇಲೆ ಆ ನೀರು ಬೀಳುವಂತಿಲ್ಲ. ಆಕೆ ಮದುಮಗಳ ಹಡೆದ ತಾಯಿಯಾದರೂ ಸರಿ.

ಹಿರಿ ಮಗಳ ಮದುವೆಯಲ್ಲಿ ಸಣ್ಣವ್ವ ಅಡಿಗೆಮನೆ ಬಾಗಿಲ ಹಿಂದೆ ನಿಂತಳು. ಆಕೆಯ ಜಾಗದಲ್ಲಿ ಕೊಳಕೂರದ ಹಿರಿಯ ನೆಗೆಣ್ಣಿ, ಅಂದರೆ ಕಾಕಾನ ಅಣ್ಣನ ಹೆಂಡತಿ, ಕೂತಳು. ಆಮೇಲೆ ಫೋಟೋದಲ್ಲಾದರೂ ನೋಡೋಣವೆಂದರೆ ಅದೂ ಇಲ್ಲ. ಫೋಟೋ ತೆಗೆದವನು ಅಫಜಲಪುರದ ಸ್ಟುಡಿಯೋದ ಭಾಯಿ. ಒಳ್ಳೆಯ ಮನುಷ್ಯ, ಒಳ್ಳೆಯ ಕೆಲಸಗಾರ, ಆದರೆ ತಂಬಿಗೆ ಎತ್ತಿದ್ದು ಕಂಡರೆ ಸಾಕು, ಕ್ಯಾಮೆರಾ ಎದೆಗೆ ಅವಚಿಕೊಂಡು ಪಡಸಾಲೆಯ ಕಂಬದ ಹಿಂದೆ ಹೋಗಿಬಿಡುತ್ತಾನೆ. ಆ ಅಲ್ಬಮ್ಮಿನಲ್ಲಿ ಸುರಗಿಯದು ಅಂತ ಇರುವ ಫೋಟೋಗಳಲ್ಲಿ ಮುತ್ತೈದೆಯರ ಬೆನ್ನು ಬಿಟ್ಟರೆ ಮತ್ತೇನಿಲ್ಲ. ನಮ್ಮ ಬೀಗರ ಮನೆತನದ ಬೆನ್ನುಗಳ ಪರಿಚಯ ಬೇಕಾದವರು ಅದನ್ನು ನೋಡಬಹುದು.

ಈಗ ಸಣ್ಣ ಮಗಳ ಮದುವೆ ಗೊತ್ತಾಯಿತು. ಆಕೆ ಜೇವರ್ಗಿಯ ದವಾಖಾನೆಯಲ್ಲಿ ನರ್ಸು, ವರ ಹಿರೋಳ್ಳಿಯವ. ಸುದ್ದಿ ಕೇಳಿ ನಾನು ಆಳಂದದಿಂದ ಬಂದೆ. ಅಲ್ಲಿಯ ಕಾಲೇಜಿನಲ್ಲಿ ನಾನೊಬ್ಬ ಇಂಗ್ಲಿಷ್ ಮಾಸ್ತರ. ಚಾದ ಕಪ್ಪು ಕೈಗೆ ಬರುವ ಮೊದಲೇ ಸಣ್ಣವ್ವ ಅಂದಳು:

"ತಮ್ಮಾ, ನೀರಾಗ ಬಿದ್ರೂ ಕೆಡಲಾರದ ಕ್ಯಾಮೆರಾ ಬರ್ತದಂತಲ್ಲ, ಅದು ಬೇಕು ನನಗ."

"ಯಾಕ? ಭಾಯಿ ಅದಾನಲ್ಲ?"

"ಭಾಯಿ ಕಂಬದ ಹಿಂದ ನಿಲ್ತಾನ. ನಾ ಈ ಸಲ ಬಾಗಲ ಹಿಂದ ನಿಲ್ಲೂದಿಲ್ಲ. ನಾ ನೂಲಿನೊಳಗ ಹೋಗಾಕಿ ಇದ್ದೇನಿ."

"ಬಿಡ್ತಾರೇನು?"

"ಮೊನ್ನಿ ಒಂದು ಮದುವ್ಯಾಗ ನೋಡೇನಿ. ನೀರು ಹಾಕೂದ್ಕಿಂತ ಮೊದಲ ಫೋಟೋದಾಂವ ನೂಲು ದಾಟಿ ಒಳಗ ಹೋದ. ಮದುಮಗಳ ಗದ್ದ ಹಿಡದು ಎತ್ತಿ, ಹಿಂಗ ನೋಡ್ರಿ ಅಂದು, ಫೋಟೋ ಹೊಡಕೊಂಡು ಬಂದ. ನೀ ಮುತ್ತೈದಿ ಹೌದೋ ಅಲ್ಲೋ ಅಂತ ಅವನ್ನ ಯಾರರ ಕೇಳ್ಯಾರೇನು?"

ನನ್ನ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವರೊಬ್ಬರಿದ್ದಾರೆ. ಈ ಪ್ರಶ್ನೆಗೆ ಅವರ ಹತ್ತಿರವೂ ಉತ್ತರ ಇರಲಿಕ್ಕಿಲ್ಲ. ಮಗಳು ಒಳಗಿಂದ ಬಂದು, "ಅವ್ವಾ, ಫೋಟೋ ಗೀಟೋ ಯಾಕ? ಸುಮ್ಮ ಬಂದು ನನ್ನ ಮಗ್ಗಲಕ್ಕ ಕೂಡು. ಯಾರೇನು ಅಂತಾರ ನಾ ನೋಡ್ತೇನಿ" ಅಂದಳು. ಸಣ್ಣವ್ವ ತಲೆ ಅಲ್ಲಾಡಿಸಿದಳು. "ಕೂತ್ರ ಜಗಳ ಆಗ್ತದ. ಹಿರೋಳ್ಳಿ ಬೀಗರ ಮುಂದ ನಿನ್ನ ಸುರಗಿ ಕೆಡ್ತದ. ನಾ ನಿಲ್ತೇನಿ. ಕ್ಯಾಮೆರಾ ಹಿಡದು ನಿಂತಾಕೀಗಿ, ನೀರು ಬೀಳ್ತದ ದೂರ ಸರಿ, ಅನ್ನಾಕ ಯಾರಿಗೂ ಬಾಯಿ ಇರಬಾರದು. ಅಂಥ ಕ್ಯಾಮೆರಾ ಬೇಕು." ಮಗಳು ಮುಖ ಊದಿಸಿಕೊಂಡು ಒಳಗೆ ಹೋದಳು.

ಭಾಯಿಗೆ ಹೇಳಿದರೆ ಹೈದರಾಬಾದಿನ ತನ್ನ ಅಳಿಯನ ಅಂಗಡಿಯಿಂದ ಎರಡು ತರಿಸಿದ. ಒಂದು ಕೆಂಪು, ಒಂದು ಕಪ್ಪು. ಎರಡೂ ಅಂಗೈಯಷ್ಟೇ, ಆದರೆ ಕೈಯಲ್ಲಿ ಹಿಡಿದರೆ ತೂಕದ ಬಟ್ಟಿನ ಹಾಗೆ ಗಟ್ಟಿ. ಪಸಂದಾದದ್ದು ಇಟ್ಟುಕೊಳ್ಳಿ, ಬ್ಯಾಡಾದದ್ದು ವಾಪಸ್ ಕೊಡಿ ಅನ್ನುವ ಮಾತಾಗಿತ್ತು. ಪಾಪ, ಭಾಯಿ ಆ ಮಾತನ್ನು ಬಹಳ ಬೇಗ ಆಡಿಬಿಟ್ಟಿದ್ದ.

"ಅಕ್ಕಾರ, ಈ ಕೆಂಪಂದು ನೀರಾಗ ಹದಿನೈದು ಮೀಟರ್ ಇಳೀತದ್ರಿ. ಕರೀದು ಅದಕ್ಕಿಂತ ಜರಾ ಕಮ್ಮಿ."

"ಯಾರು ನೋಡ್ಯಾರ?"

"ಕಂಪನಿಯವ್ರು ಬರದಾರ್ರಿ."

"ಕಂಪನಿಯವ್ರು ನಮ್ಮ ಭಾವಿ ನೋಡ್ಯಾರೇನು?"

ಭಾಯಿ ನನ್ನ ಮುಖ ನೋಡಿದ. ನಾನು ಕ್ಯಾಮೆರಾದ ಜೊತೆ ಬಂದ ಪುಸ್ತಿಕೆಯೊಳಗೆ ತಲೆ ಹುದುಗಿಸಿದೆ. ಇಂಗ್ಲಿಷ್ ಮಾಸ್ತರ ಅಂದ ಮೇಲೆ ಅದನ್ನು ಓದಿ ಹೇಳುವ ಕೆಲಸ ನನಗೇ ಬಂದಿತ್ತು. ಎರಡೂ ಮಂಜುಗಡ್ಡೆಯಾಗುವ ಚಳಿಯಲ್ಲೂ ನಡೆಯುತ್ತವಂತೆ ಅಂತ ಓದಿದೆ. ಸಣ್ಣವ್ವ ಹೊರಗಿನ ಬಿಸಿಲು ನೋಡಿದಳು. ಬೀದಿಯಲ್ಲಿ ಒಂದು ನಾಯಿ ನೆರಳಿನ ಜೊತೆಗೇ ಸರಿಯುತ್ತ ಮಲಗಿತ್ತು.

"ಅದು ಇರಲಿ. ಬಿಸಲಾಗ?"

"ನಲವತ್ತು ಡಿಗ್ರಿ ತನಕ ಅಂತ ಅದ."

"ನಲವತ್ತಂದ್ರ ನಮ್ಮಲ್ಲಿ ಚಾ ಕುಡ್ಯೂ ಹೊತ್ತು. ಊಟದ ಹೊತ್ತಿಗಿ ಏನು ಮಾಡ್ತದಂತ?"

ಪುಸ್ತಿಕೆಯಲ್ಲಿ ಊಟದ ಹೊತ್ತಿನ ಬಗ್ಗೆ ಏನೂ ಬರೆದಿರಲಿಲ್ಲ. ನೂರು ಕಿಲೋ ಭಾರ ತಡೆಯುತ್ತದೆ ಅಂತ ಮುಂದೆ ಬರೆದಿತ್ತು. ಅದನ್ನು ಓದಿದ್ದೇ ನನ್ನ ತಪ್ಪಾಯಿತು. ನೂರು ಕಿಲೋ ಅಂದರೆ ಒಂದು ಚೀಲ ಜೋಳ. ಗಿರಣಿಯವಳಿಗೆ ಅದಕ್ಕಿಂತ ಸರಳ ಲೆಕ್ಕ ಬೇರೆ ಇಲ್ಲ. ನಾವು ಹಾಂ ಹೂಂ ಅನ್ನುವುದರೊಳಗೆ ಕ್ಯಾಮೆರಾಗಳು ಫರಸಿಕಲ್ಲಿನ ಮೇಲೆ ಮಲಗಿದ್ದವು, ಹಮಾಲನ ಬೆನ್ನಿಂದ ಚೀಲ ಅವುಗಳ ಮೇಲೆ ಇಳಿಯಿತು. ಭಾಯಿ ಕಣ್ಣು ಮುಚ್ಚಿಕೊಂಡು, "ಯಾ ಅಲ್ಲಾ, ಗ್ಯಾರಂಟಿ ಹೋತು" ಅಂದ. ಚೀಲ ಎತ್ತಿದರೆ ಕೆಂಪು ಹೇಗಿತ್ತೋ ಹಾಗೇ ಇತ್ತು. ಕಪ್ಪಿನ ಒಂದು ಮೂಲೆ ನೆಗ್ಗಿತ್ತು. ಸಣ್ಣವ್ವ ಅದನ್ನು ಎತ್ತಿಕೊಂಡು, ಬಿದ್ದ ಕೂಸಿನ ಮೊಣಕಾಲು ನೋಡುವ ಹಾಗೆ ನೋಡಿ, ಸೆರಗಿನಿಂದ ಒರೆಸಿದಳು.

ಮುಂದಿನದು ಧೂಳಿನ ಪರೀಕ್ಷೆ. ಧೂಳು ಒಳಗೆ ಹೋಗುವುದಿಲ್ಲ ಅಂತ ಕಂಪನಿಯವರ ಹೇಳಿಕೆ. ಅವರು ಧೂಳು ಅಂದದ್ದು ಸಾಧಾರಣ ಧೂಳಿಗೆ, ನಡೆಯುವ ಗಿರಣಿಗೆ ಅಲ್ಲ ಅಂತ ನಾನು ವಾದಿಸಿದೆ. ಯಾರು ಕೇಳುತ್ತಾರೆ? ಹಿಟ್ಟು ಬೀಳುವ ಬಾಯಿಯ ಪಕ್ಕದಲ್ಲಿ ಎರಡಕ್ಕೂ ದಾರ ಕಟ್ಟಿ ತೂಗುಹಾಕಿದಳು. ಆ ದಿನ ಬೀಸಿಸಲು ಬಂದವರೆಲ್ಲ ತಲೆ ಎತ್ತಿ ನೋಡಿದರು, ನೋಡಿ ಗಾಬರಿಯಾದರು. ಗಿರಣಿಯಲ್ಲಿ ಕಳ್ಳರನ್ನು ಹಿಡಿಯುವ ಕ್ಯಾಮೆರಾ ಹಾಕಿದ್ದಾರೆ ಅಂತ ಊರಲ್ಲಿ ಸುದ್ದಿ ಹಬ್ಬಿತು. ಅವತ್ತಿನಿಂದ ಒಂದು ವಾರ, ಪಾಳಿ ತಪ್ಪಿಸಿ ಮುಂದೆ ನುಗ್ಗುವವರು ಸಾಲಾಗಿ ನಿಂತರಂತೆ. ಸಂಜೆ ಇಳಿಸಿದಾಗ ಎರಡೂ ಕ್ಯಾಮೆರಾ ತಟ್ಟಿಟ್ಟ ರೊಟ್ಟಿಯ ಬಣ್ಣಕ್ಕೆ ಬಂದಿದ್ದವು. ತೊಳೆದರೆ ಕೆಂಪು ಫಳಫಳ. ಕಪ್ಪಿನ ಗುಂಡಿ ಒತ್ತಿದಾಗಲೆಲ್ಲ ಕರ್ ಅನ್ನತೊಡಗಿತು.

ಭಾವಿಯ ಪರೀಕ್ಷೆಯನ್ನಂತೂ ಆ ಓಣಿ ಮರೆಯುವ ಹಾಗಿಲ್ಲ. ಮನೆ ಹಿಂದೆ ನಾಲ್ಕು ಮನೆಗೆ ಕೂಡಿ ಒಂದು ಹಳೆಯ ಭಾವಿ ಇದೆ. ಮಗ್ಗುಲ ಮನೆಯಾಕೆಯ ಹಿತ್ತಾಳೆ ಕೊಡವೊಂದು ಹಿಂದೆ ಯಾವಾಗಲೋ ಕಳೆದಿತ್ತು, ಅದು ಸಣ್ಣವ್ವನ ಮನೆಯಲ್ಲೇ ಇದೆ ಅಂತ ಆಕೆಗೆ ಗಟ್ಟಿ ನಂಬಿಕೆ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಸಣ್ಣವ್ವನ ಮನೆಗೆ ಬಂದಾಗಲೆಲ್ಲ ಕೂಡುವ ಮೊದಲು ನೆಲುವು, ಮಾಡ, ಬಚ್ಚಲು ಎಲ್ಲ ಕಣ್ಣಲ್ಲೇ ಹುಡುಕುತ್ತಿದ್ದಳು. ಸಣ್ಣವ್ವ ಕ್ಯಾಮೆರಾದ ದೀಪ ಹಚ್ಚಿಸಿ, ವಿಡಿಯೋ ಚಾಲೂ ಮಾಡಿಸಿ, ಬಿದ್ದದ್ದನ್ನು ಎತ್ತುವ ಪಾತಾಳಗರಡಿಯ ಹಗ್ಗಕ್ಕೆ ಒಂದಾದ ಮೇಲೊಂದು ಕಟ್ಟಿ ಭಾವಿಗೆ ಬಿಟ್ಟಳು. ಕಪ್ಪಿನದರಲ್ಲಿ ಕಂಡದ್ದು ರಾಡಿ ನೀರು ಮಾತ್ರ. ಕೆಂಪಿನ ವಿಡಿಯೋ ಹಾಕಿ ನೋಡಿದರೆ, ತಳದ ಕೆಸರಲ್ಲಿ ಅರ್ಧ ಹೂತುಕೊಂಡ ಹಿತ್ತಾಳೆ ಕೊಡ, ಕಂಠದ ಮೇಲೆ ಮಗ್ಗುಲ ಮನೆಯಾಕೆಯ ಗಂಡನ ಹೆಸರಿನ ಅಕ್ಷರ ಸಮೇತ ಕಂಡಿತು.

ಓಣಿಯೆಲ್ಲ ಕೂಡಿತು. ಆಕೆ ಬಂದು ನೋಡಿದಳು, ಮತ್ತೊಮ್ಮೆ ಹಾಕಿಸಿ ನೋಡಿದಳು. ಈಗ ತಪ್ಪಾಯಿತು ಅನ್ನುತ್ತಾಳೆ ಅಂತ ನಾವೆಲ್ಲ ಕಾದು ನಿಂತೆವು. ಆಕೆ ಗಂಟಲು ಸರಿಮಾಡಿಕೊಂಡು, "ಅಲ್ಲ ಅಕ್ಕಾ, ನಂದೊಂದು ಕಿವಿ ಬೆಂಡೋಲಿನೂ ಕಳದದ. ಇನ್ನೊಮ್ಮಿ ಬಿಟ್ಟು ನೋಡಾಕ ಆಗ್ತದೇನು?" ಅಂದಳು. ಸಣ್ಣವ್ವ ಬಿಟ್ಟಳು. ಬೆಂಡೋಲಿ ಸಿಗಲಿಲ್ಲ. ಆಕೆ ಈಗಲೂ ಬಂದರೆ ಮಾಡದ ಕಡೆಗೇ ನೋಡುತ್ತಾಳೆ.

ಅಂತೂ ಎಲ್ಲ ಪರೀಕ್ಷೆಯಲ್ಲಿ ಕೆಂಪು ಪಾಸು, ಕಪ್ಪು ಫೇಲು. ಭಾಯಿಗೂ ಸಮಾಧಾನವಾಯಿತು. ಕೆಂಪು ಇಟ್ಟುಕೊಳ್ಳಿ, ಮದುವೆಗೆ ಬಣ್ಣವೂ ಒಪ್ಪುತ್ತದೆ ಅಂದ. ನಾನೂ ಹೂಂ ಅಂದೆ. ಆಗಲೇ ಕೊಳಕೂರಕ್ಕೆ ಹೋಗಿ ಹಿರಿಯ ನೆಗೆಣ್ಣಿಗೆ ಲಗ್ನಪತ್ರಿಕೆ ಕೊಟ್ಟು ಬರುವುದಿತ್ತು. ಸಣ್ಣವ್ವ ಎರಡೂ ಕ್ಯಾಮೆರಾಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಪ್ರವಾಸದಲ್ಲಿ ಯಾವುದು ಚೆನ್ನಾಗಿ ನಡೆಯುತ್ತದೆ ಅಂತ ನೋಡಬೇಕಂತೆ. ಜೇವರ್ಗಿ ಮುಟ್ಟುವವರೆಗೆ ಕಂಡಕ್ಟರನ ಫೋಟೋ ಎರಡೂ ಕ್ಯಾಮೆರಾದಲ್ಲಿ ಎಷ್ಟು ಸಲ ತೆಗೆದಳೆಂದರೆ, ಅವನು ಟಿಕೆಟ್ ಹರಿಯುವ ಮೊದಲು ತಲೆ ಬಾಚಿಕೊಳ್ಳತೊಡಗಿದ.

ಹಿರಿಯ ನೆಗೆಣ್ಣಿ ಕೆಟ್ಟವಳಲ್ಲ. ಇದನ್ನೂ ಹೇಳಿಬಿಡುತ್ತೇನೆ. ಕಾಕಾ ತೀರಿಕೊಂಡ ವರ್ಷ ಮೂರು ತಿಂಗಳು ಬಂದಿದ್ದು, ಎರಡೂ ಹುಡುಗಿಯರ ತಲೆ ಬಾಚಿ ಸಾಲಿಗೆ ಕಳಿಸಿದಾಕೆ ಆಕೆಯೇ. ನಮಗೆ ಹೋಳಿಗೆ ಮಾಡಿ ಬಡಿಸಿದಳು. ತುಪ್ಪ ಸುರಿಯುತ್ತ, "ಸುರಗಿದು ಚಿಂತಿ ಮಾಡಬ್ಯಾಡ, ತಂಗಿ. ದೊಡ್ಡಾಕೀಗಿ ಕೂತಂಗ ಇಕೀಗೂ ನಾನ ಕೂಡ್ತೇನಿ. ನೀ ಒಳಗ ಅಡಗಿ ನೋಡ್ಕೊ" ಅಂದಳು. ಮನಸ್ಸಿನಿಂದಲೇ ಅಂದಳು. ಸಣ್ಣವ್ವ ತಲೆ ಎತ್ತಲಿಲ್ಲ, ಹೋಳಿಗೆ ಮುರಿಯುತ್ತಲೇ ಇದ್ದಳು.

ಊಟವಾದ ಮೇಲೆ ಕ್ಯಾಮೆರಾ ಹೊರಗೆ ತೆಗೆದಳು. ನೆಗೆಣ್ಣಿ ಕೆಂಪನ್ನು ಕೈಯಲ್ಲಿ ಹಿಡಿದು, "ಎಷ್ಟು ಚಂದ ಅದ, ಕುಂಕಮ ಇದ್ದಂಗ ಅದ" ಅಂದಳು. ಕಪ್ಪು ಕಂಡದ್ದೇ ಕೈ ಹಿಂದೆ ತೆಗೆದುಕೊಂಡಳು.

"ಇದು ಮಾತ್ರ ಸುರಗಿ ಮುಂದ ತರಬ್ಯಾಡ್ರೆವಾ. ಕರೀದು. ಶುಭಕಾರ್ಯದಾಗ ಬರಬಾರದು. ಹೊರಗ ಇರಲಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಸಣ್ಣವ್ವ ಕಂಡಕ್ಟರನ ಕಡೆಗೂ ನೋಡಲಿಲ್ಲ. ಕಿಟಕಿಯಾಚೆ ಕೊಯ್ದ ತೊಗರಿಯ ಹೊಲ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಪ್ಪು ಕ್ಯಾಮೆರಾ ತೊಡೆಯ ಮೇಲೆ ಇಟ್ಟುಕೊಂಡು ಅಂದಳು:

"ತಮ್ಮಾ, ಕೆಂಪಂದು ಭಾಯಿಗಿ ವಾಪಸ್ ಕೊಡು."

"ಸಣ್ಣವ್ವಾ, ಕರೀದು ಎಲ್ಲಾದ್ರಾಗೂ ಫೇಲ್ ಆಗ್ಯದಲ್ಲ? ಮೂಲಿ ನೆಗ್ಗ್ಯದ, ಗುಂಡಿ ಕರ್ ಅಂತದ."

"ನಂದು ಎಲ್ಲಿ ಕರ್ ಅನ್ನೂದಿಲ್ಲ, ಹೇಳು. ಶುಭಕಾರ್ಯಕ್ಕ ಇದೂ ಬ್ಯಾಡ ಅಂತ, ನಾನೂ ಬ್ಯಾಡ ಅಂತ. ಇಬ್ರೂ ಕೂಡೇ ಒಳಗ ಹೋಗ್ತೇವಿ."

ಇಂಥ ಆಯ್ಕೆಗೆ ಯಾವ ಪುಸ್ತಿಕೆಯಲ್ಲೂ ಆಧಾರ ಸಿಗುವುದಿಲ್ಲ. ಭಾಯಿಗೆ ಹೇಳಿದರೆ ಅವನು ಬಹಳ ಹೊತ್ತು ಗಡ್ಡ ನೀವಿಕೊಂಡ. "ಮಾಸ್ತರ್ ಸಾಬ್, ನಾ ಇಷ್ಟು ವರ್ಷ ಮಂದಿಗಿ ಕ್ಯಾಮೆರಾ ತರಿಸಿ ಕೊಟ್ಟೇನಿ. ಹಳೀ ಕ್ಯಾಮೆರಾದ ಮ್ಯಾಲ ಸಿಟ್ಟು ಬಂದು ತಗೊಂಡವ್ರನ್ನ ನೋಡೇನಿ, ಹೆಂಡ್ತಿ ಮ್ಯಾಲ ಸಿಟ್ಟು ಬಂದು ತಗೊಂಡವ್ರನ್ನ ನೋಡೇನಿ. ಕ್ಯಾಮೆರಾದ ಪರವಾಗಿ ಸಿಟ್ಟು ಬಂದು ತಗೊಂಡಾಕಿ ಇಕೀನ ಮೊದಲು" ಅಂದ.

ಮದುವೆಯ ದಿನ ಬಂತು. ಬೆಳಗ್ಗೆ ಅಂಗಳದಲ್ಲಿ ನಾಲ್ಕು ತಂಬಿಗೆ, ನೂಲು, ಮಣೆ ಎಲ್ಲ ಸಿದ್ಧವಾದವು. ಮದುಮಗಳು ಬಂದು ಕೂತಳು, ಮಗ್ಗುಲಲ್ಲಿ ಹಿರಿಯ ನೆಗೆಣ್ಣಿ. ಭಾಯಿ ರೂಢಿಯಂತೆ ಕಂಬದ ಹಿಂದೆ ಜಾಗ ಹಿಡಿದ. ಅಷ್ಟರಲ್ಲಿ ಸಣ್ಣವ್ವ ಅಡಿಗೆಮನೆಯ ಬಾಗಿಲಿನಿಂದ ಹೊರಗೆ ಬಂದಳು. ಬೂದಿಬಣ್ಣದ ಇಳಕಲ್ ಸೀರೆ, ಕೊರಳಲ್ಲಿ ಪಟ್ಟಿ, ಪಟ್ಟಿಗೆ ಕಪ್ಪು ಕ್ಯಾಮೆರಾ. ನೇರ ನಡೆದು ಬಂದು, ಸೀರೆಯ ನಿರಿಗೆ ಹಿಡಿದು, ನೂಲು ದಾಟಿ ಒಳಗೆ ನಿಂತುಬಿಟ್ಟಳು.

ಹೆಂಗಸರ ಹಾಡು ನಿಂತಿತು.

"ತಂಗಿ, ನೀ ಎಲ್ಲಿ ಬಂದಿ?" ಅಂದಳು ನೆಗೆಣ್ಣಿ.

"ಫೋಟೋ ತಗ್ಯಾಕ."

"ಭಾಯಿ ತಗೀತಾನ ತಗೋ."

"ಭಾಯಿದು ನೀರಾಗ ಕೆಡ್ತದ. ನಂದು ಕೆಡೂದಿಲ್ಲ. ಕೇಳ್ರಿ ಬೇಕಾದ್ರ."

ಎಲ್ಲರೂ ಕಂಬದ ಕಡೆ ತಿರುಗಿದರು. ಭಾಯಿ ಅರ್ಧ ಮುಖ ಹೊರಗೆ ಹಾಕಿ, "ಹೌದ್ರಿ, ನಂದು ಕೆಡ್ತದ್ರಿ" ಅಂದು ಮತ್ತೆ ಒಳಗೆ ಸೇರಿದ. ಹಿರೋಳ್ಳಿಯ ಬೀಗಿತ್ತಿಯೊಬ್ಬಳು ಕಿಸಕ್ಕನೆ ನಕ್ಕಳು. ಗಂಡ ಸತ್ತಾಕಿ ಹಿಂಗ ಒಳಗ ಬರಬಾರದವಾ ಅಂತ ಮತ್ತೊಬ್ಬ ಮುದುಕಿ ಸಣ್ಣ ದನಿಯಲ್ಲಿ ಅಂದಳು. ಸಣ್ಣವ್ವ ಕ್ಯಾಮೆರಾ ಕಣ್ಣಿಗೆ ಹಿಡಿದೇ ಉತ್ತರ ಕೊಟ್ಟಳು: "ನಾ ಈಗ ಯಾರ ಹೆಂಡ್ತೀನೂ ಅಲ್ಲ, ಯಾರ ಅವ್ವನೂ ಅಲ್ಲ. ಫೋಟೋದಾಕಿ ಇದ್ದೇನಿ. ನಡಸ್ರಿ ನಿಮ್ಮ ಕೆಲಸ."

ಏನು ಮಾಡುತ್ತಾರೆ? ನಡೆಸಿದರು. ಹಾಡು ಮತ್ತೆ ಶುರುವಾಯಿತು, ತಂಬಿಗೆಗಳು ಎದ್ದವು, ಅರಿಷಿಣದ ನೀರು ಮದುಮಗಳ ತಲೆಯಿಂದ ಇಳಿಯಿತು. ಕರ್, ಕರ್ ಅಂತ ಸಣ್ಣವ್ವನ ಗುಂಡಿಯ ಸದ್ದು. ಅಂದುಕೊಂಡದ್ದನ್ನು ಮಾಡಿಯೇ ಬಿಟ್ಟಳಲ್ಲ ಅಂತ ನನಗೆ ಹೆಮ್ಮೆಯಾಯಿತು. ಆಮೇಲೆ ಗದ್ದಲವೂ ಎದ್ದಿತು. ಬೀಗರು ಬೀಗರ ಮೇಲೆ, ಬೀಗಿತ್ತಿಯರು ನನ್ನ ಮೇಲೆ ನೀರು ಎರಚಿದರು. ನಾನು ಕಣ್ಣು ಒರೆಸಿಕೊಂಡು ನೋಡಿದೆ. ಆಗ ನನಗೆ ಕಂಡದ್ದು ಬೇರೆ.

ಅಷ್ಟು ಜನ, ಅಷ್ಟು ನೀರು. ಅದರ ನಟ್ಟನಡುವೆ ಸಣ್ಣವ್ವ ಒಣ ಸೀರೆಯಲ್ಲಿ ನಿಂತಿದ್ದಳು. ಪ್ರತಿ ತಂಬಿಗೆಯೂ ಆಕೆಯ ಹತ್ತಿರ ಬರುತ್ತಿದ್ದಂತೆ ಓರೆಯಾಗುತ್ತಿತ್ತು. ಎರಚುವ ಕೈಗಳು ಆಕೆಯನ್ನು ಬಿಟ್ಟು ಎರಚುತ್ತಿದ್ದವು. ಯಾರೂ ಬೈಯಲಿಲ್ಲ, ಯಾರೂ ಹೊರಗೆ ಹೋಗು ಅನ್ನಲಿಲ್ಲ. ಒಂದು ಹನಿ ಬೀಳದ ಹಾಗೆ ಎಲ್ಲರೂ ಅಷ್ಟು ಜೋಪಾನ ಮಾಡಿದರು. ಆಕೆಗೂ ಅದು ಗೊತ್ತಾಗಿತ್ತು. ಕ್ಯಾಮೆರಾ ಕಣ್ಣಿಗೇ ಇತ್ತು, ಗುಂಡಿಯ ಸದ್ದು ಮಾತ್ರ ನಿಂತಿತ್ತು. ನನಗೆ ಬಹಳ ಕೆಟ್ಟೆನಿಸಿತು. ಇದಕ್ಕಿಂತ ಬಾಗಿಲ ಹಿಂದೆಯೇ ಇದ್ದಿದ್ದರೆ ಚೆನ್ನಾಗಿತ್ತೇನೋ ಅಂತ ಕೂಡ ಅನಿಸಿತು.

ಮದುಮಗಳು ಮಣೆಯಿಂದ ಎದ್ದಳು. ಎದ್ದವಳು ನೆಗೆಣ್ಣಿಯ ಕೈಯಲ್ಲಿದ್ದ ತಂಬಿಗೆ ಇಸಿದುಕೊಂಡು, ಹಂಡೆಯಲ್ಲಿ ಮುಳುಗಿಸಿ ತುಂಬಿ, ಅವ್ವನ ಎದುರು ಬಂದು ನಿಂತಳು. ಯಾರಿಗಾದರೂ ಬೇಡ ಅನ್ನಲು ಬಾಯಿ ಬರುವ ಮೊದಲೇ ತಲೆಯ ಮೇಲೆ ಸುರಿದುಬಿಟ್ಟಳು.

ಭಾವಿಯ ತಳ ಮುಟ್ಟಿ ಬಂದ ಕ್ಯಾಮೆರಾ ಅದು. ಆದರೂ ನೀರು ಬಿದ್ದಾಗ ಸಣ್ಣವ್ವ ಅದನ್ನು ಗಾಬರಿಯಿಂದ ಸೆರಗಿನೊಳಗೆ ಮುಚ್ಚಿಕೊಂಡಳು. ಹಾಗಾಗಿ ಆ ಗಳಿಗೆಯ ಫೋಟೋ ಯಾರ ಹತ್ತಿರವೂ ಇಲ್ಲ. ಅರಿಷಿಣದ ನೀರು ಹಣೆಯಿಂದ, ಮೂಗಿನಿಂದ, ಗದ್ದದಿಂದ ಇಳಿದು ಬೂದಿಬಣ್ಣದ ಸೀರೆಯೆಲ್ಲ ಹಳದಿಯಾಯಿತು. ಹಿರಿಯ ನೆಗೆಣ್ಣಿ ಎದ್ದು ಒಳಗೆ ಹೋಗಿಬಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ, ಒದ್ದೆ ಮುಖದಲ್ಲಿ ಯಾರಿಗೂ ತಿಳಿಯಲಿಲ್ಲ ಅಷ್ಟೆ. ಅವ್ವ ಬೈಯುತ್ತಾಳೆ ಅಂತ ಮಗಳು ಖಾಲಿ ತಂಬಿಗೆ ಹಿಡಿದುಕೊಂಡು ಕಾಯುತ್ತಿದ್ದಳು.

ಸಣ್ಣವ್ವ ಕಣ್ಣು ಒರೆಸಿಕೊಂಡಳು. ಸುರಗಿಯ ನೀರು ಬಿದ್ದು ಎಷ್ಟು ವರ್ಷವಾಗಿತ್ತೋ ಆ ತಲೆಯನ್ನು, ಮಗಳ ಮುಂದೆ ಇನ್ನಷ್ಟು ಬಗ್ಗಿಸಿದಳು.

"ಇನ್ನೊಂದು ತಂಬಿಗಿ ಹಾಕು" ಅಂದಳು.